ಜೋಡಿ ಬದಲಾಗಬೇಕಂತೆ

"ಜೋಡಿ ಬದಲಾಗಬೇಕು. ಒಬ್ಬರಿಗೇ ಅಂಟಿಕೊಂಡು ಕೂತರೆ ಆಟ ಬೆಳೆಯುವುದಿಲ್ಲ. ಹೊಸ ಮೋಡ್ ಬೇಗ ಬರಲಿ."

ಶಾಂಭವಿ ಮತ್ತೆ ಓದಿದಳು. ಬರೆದವರ ಹೆಸರು ಅದೇ ಇತ್ತು. ಚೌಕಟ್ ಗುಲಾಮ, ಆಳಂದ.

ಅಂದರೆ ಅಮರನಾಥ. ಬರುವ ತಿಂಗಳು ಅವಳನ್ನು ಮದುವೆಯಾಗಬೇಕಾದವನು.

ಜೇವರ್ಗಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅದು ಊಟದ ಹೊತ್ತು. ಶಾಂಭವಿಯ ಡಬ್ಬಿ ತೆರೆದೇ ಇರಲಿಲ್ಲ.

"ಏನಾತು ಬೇ? ಮಾರಿ ಯಾಕ ಕೆಂಪಾಗ್ಯದ?" ಜೊತೆಗೆ ಕೆಲಸ ಮಾಡುವ ತಬಸ್ಸುಮ ಕೇಳಿದಳು.

"ಆ ಗೇಮ್ ಕಂಪನಿ ಹಾಳಾಗ್ಲಿ," ಅಂದಳು ಶಾಂಭವಿ. ಕಂಪನಿಯನ್ನು ಬೈಯುವುದು ಸುಲಭವಿತ್ತು.

ಮೊಬೈಲಿನಲ್ಲಿ ಆಡುವ ಮೆಂಡಿ ಎಂಬ ಇಸ್ಪೀಟು ಆಟ ಅದು. ನಾಲ್ಕು ಜನ, ಎದುರುಬದುರು ಕೂತ ಇಬ್ಬಿಬ್ಬರು ಜೋಡಿ. ಹತ್ತರ ಎಲೆಗಳನ್ನು ಯಾವ ಜೋಡಿ ಹೆಚ್ಚು ಗೆಲ್ಲುತ್ತದೋ ಆಟ ಅವರದು. ನಿಶ್ಚಯದ ದಿನ, ಎಲ್ಲರೂ ಊಟಕ್ಕೆ ಎದ್ದ ಗದ್ದಲದಲ್ಲಿ, ಅಮರನಾಥ ಅವಳ ಹತ್ತಿರ ಬಂದು ಕೇಳಿದ ಮೊದಲ ಮಾತೇ "ನಿಮಗ ಮೆಂಡಿ ಬರ್ತದೇನ್ರಿ?" ಎಂದು.

ಬೇರೆ ಏನೂ ಕೇಳುವಂತಿರಲಿಲ್ಲ. ಶಾಂಭವಿಯ ಅಜ್ಜಿ, ಆಯಿ ಕಸ್ತೂರಿಬಾಯಿ ಆಗಲೇ ಸಾರಿಬಿಟ್ಟಿದ್ದರು. "ಅಕ್ಷತಾ ಬೀಳೋತನಕ ಫೋನ್ ಇಲ್ಲ." ನೆಂಟರ ಮನೆಯ ಒಂದು ಹುಡುಗಿಯ ನಿಶ್ಚಯ ಫೋನಿನ ಜಗಳದಲ್ಲಿ ಮುರಿದು ಬಿದ್ದಿತ್ತು. ಆಯಿ ಅದನ್ನು ಮರೆತಿರಲಿಲ್ಲ, ಯಾರಿಗೂ ಮರೆಯಲು ಬಿಟ್ಟಿರಲಿಲ್ಲ.

ಹಾಗಾಗಿ ಅವರು ಆಡಿದರು. ಆಟದಲ್ಲಿ ಅವಳ ಹೆಸರು ಕಿಲವಾರ ರಾಣಿ, ಅವನದು ಚೌಕಟ್ ಗುಲಾಮ. ಆಟದಲ್ಲಿ ಮಾತಿಗೆ ಜಾಗವಿಲ್ಲ. ಒತ್ತಲು ಕೆಲವು ಬಟನ್ ಇವೆ, ಅಷ್ಟೇ. 'ಭಾರಿ ಆಡಿದ್ರಿ.' 'ಲಗೂ ಆಡ್ರಿ.' 'ಹೋಗ್ಲಿ ಬಿಡ್ರಿ.' 'ನಾಳಿ ಸಿಗೂಣು.'

ಒಂದು ದಿನ ಲ್ಯಾಬಿನ ಡಾಕ್ಟರು ಎಲ್ಲರೆದುರು ಬೈದಿದ್ದರು. ಆ ಸಂಜೆ ಶಾಂಭವಿ ಆಡಿದ್ದೆಲ್ಲ ತಪ್ಪು. ಪ್ರತಿ ತಪ್ಪಿಗೂ ಆಚೆಯಿಂದ 'ಹೋಗ್ಲಿ ಬಿಡ್ರಿ' ಬಂತು. ಬರಿಯ ಬಟನ್ ಅದು, ಅವಳಿಗೆ ಗೊತ್ತಿತ್ತು. ಆದರೂ ಅವಳು ಅದನ್ನು ಅವನ ದನಿಯಲ್ಲೇ ಕೇಳಿಸಿಕೊಂಡಳು.

ಈಗ ಕಂಪನಿ 'ಚಕ್ರ' ಎಂಬ ಮೋಡ್ ತರುತ್ತಿದೆ. ಒಂದೊಂದು ಆಟಕ್ಕೆ ಒಬ್ಬೊಬ್ಬ ಹೊಸ ಜೋಡಿ, ಪ್ರತಿಯೊಬ್ಬರ ಅಂಕ ಬೇರೆ ಬೇರೆ. ಹಳೆಯ ಜೋಡಿ ಆಟ ಬಂದ್. ಕಾರಣ ಕೇಳಿದರೆ, ಜೋಡಿಯವರು ಫೋನ್ ಹಚ್ಚಿ ಎಲೆ ಹೇಳಿಕೊಂಡು ಮೋಸ ಮಾಡುತ್ತಾರಂತೆ. ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಒಂದು ಪುಟ ತೆರೆದಿದ್ದರು.

ಪುಟ ಹೊತ್ತಿ ಉರಿಯುತ್ತಿತ್ತು. "ನನ್ನ ಜೋಡಿ ನಡುವೆ ಎದ್ದು ಊಟಕ್ಕೆ ಹೋಗುತ್ತಾನೆ, ದೇವರೇ, ಬೇಗ ಬದಲಾಯಿಸು" ಎಂದು ಒಬ್ಬ ಬರೆದಿದ್ದ. ಗೊಬ್ಬೂರದ ಮಲಂಗಸಾಬ ಎಂಬುವರು ಬರೆದಿದ್ದರು: "ನನ್ನ ಜೋಡಿ ನನ್ನ ಮಗಳು. ಸೊಲ್ಲಾಪುರಕ್ಕೆ ಕೊಟ್ಟಿದ್ದೇನೆ. ದಿನಾ ಆಟದಲ್ಲಿ ಸಿಗುತ್ತಾಳೆ. ಅದನ್ನೂ ಕಸಿದುಕೊಳ್ಳುತ್ತೀರಾ?"

ಶಾಂಭವಿ ತನ್ನದನ್ನು ಬರೆದು ಅಳಿಸಿ, ಕಾಗುಣಿತ ಸರಿಯಿದೆಯೇ ಎಂದು ನೋಡಿ, ಮತ್ತೆ ಬರೆದಿದ್ದಳು. "ಕಳ್ಳರನ್ನು ಹಿಡಿಯಲು ಬಾರದಿದ್ದರೆ ಊರನ್ನೇ ಖಾಲಿ ಮಾಡಿಸುತ್ತೀರಾ? ನಾನು, ನನ್ನ ಜೋಡಿ ಒಮ್ಮೆಯೂ ಫೋನಿನಲ್ಲಿ ಮಾತಾಡಿಲ್ಲ. ನಮಗೇಕೆ ಶಿಕ್ಷೆ?"

ಒತ್ತಿ ಕಳಿಸಿದ ಮೇಲೆ ಕಂಡದ್ದು ಅವನದು. ಜೋಡಿ ಬದಲಾಗಬೇಕು.

ಆ ಸಂಜೆ ಪರದೆಯ ಮೇಲೆ ಎಂದಿನಂತೆ ಬಂತು: 'ನಿಮ್ಮ ಜೋಡಿ ಕಾಯುತ್ತಿದ್ದಾರೆ.'

ಮೊಬೈಲನ್ನು ಬೋರಲು ಹಾಕಿದಳು. ಕಾಯಲಿ. ಬದಲಾಗಬೇಕಂತಲ್ಲ!

ಬರಿಯ ಆಟ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಮನಸ್ಸು ಬೇರೆಯೇ ಕೇಳುತ್ತಿತ್ತು. ಮನೆಯವರೆದುರು ಈ ಮದುವೆ ಬೇಡ ಎನ್ನಲು ಆಗದವನು ಅಲ್ಲಿ ಬರೆದನೇ? ಕೇಳೋಣವೆಂದರೆ ಅದಕ್ಕೆ ಬಟನ್ ಇರಲಿಲ್ಲ.

*

ಜವಳಿ ಖರೀದಿ ಅಫಜಲಪುರದಲ್ಲಿ, ಅವಳ ಸೋದರಮಾವ ಅಣ್ಣಾರಾಯರ ಅಂಗಡಿಯಲ್ಲಿ. ಆಳಂದದವರೂ ಜೇವರ್ಗಿಯವರೂ ಬಿಳಿ ಗಾದಿಯ ಎರಡು ಬದಿಗೆ ಕೂತರು. ಅಮರನಾಥ ಸರಿಯಾಗಿ ಅವಳೆದುರಿಗೇ ಕೂತ, ಜೋಡಿ ಕೂಡುವಂತೆ.

ಅವಳು ಅವನನ್ನು ನೋಡಬಾರದೆಂದುಕೊಂಡಳು. ಆದರೂ ಕಂಡಿತು. ಮೋಟಾರ್ ವೈಂಡಿಂಗ್ ಮಾಡುವ ಬೆರಳು, ಅದರ ತುದಿಯಲ್ಲಿ ತಾಮ್ರದ ತಂತಿ ಕೊಯ್ದ ಹೊಸ ಗೆರೆ. ಆ ಬೆರಳು ಗಾದಿಯ ಅಂಚನ್ನು ಸುಮ್ಮನೆ ಸುರುಳಿ ಸುತ್ತುತ್ತಿತ್ತು. ತಲೆ ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ, ಹಬ್ಬದ ದಿನ ಬೈಸಿಕೊಂಡ ಹುಡುಗನ ಹಾಗೆ. ಥಟ್ಟನೆ ಸೀರೆಯ ಕಡೆ ತಿರುಗಿದಳು.

"ಕೆಂಪಾ ಇರ್ಲಿ," ಅಂದರು ಅವನ ತಾಯಿ. "ಕೆಂಪಾ ಚಂದ," ಅಂದರು ಆಯಿ. "ಹುಡುಗೀಗಿ ಪಸಂದ್ ಏನು?" ಅಂದರು ಅಣ್ಣಾರಾಯರು.

"ನಿಮ್ಮ ಇಷ್ಟ," ಅಂದಳು ಶಾಂಭವಿ, ಯಾವಾಗಲೂ ಅನ್ನುವಂತೆ.

ಅಮರನಾಥನ ಹುಬ್ಬು ಗಂಟಾಯಿತು. ಸೆರಗು ನೋಡುವ ನೆವದಲ್ಲಿ ಮುಂದೆ ಬಾಗಿದ.

"ಆಟಕ್ಕ ಯಾಕ ಬರವಲ್ರಿ?"

"ಜೋಡಿ ಬದಲಾಗಬೇಕಲ್ರಿ. ಅದಕ್ಕ."

"ಅದನ್ನ ಓದಿದ್ರೇನ್ರಿ?"

"ಊರಿಗೆಲ್ಲ ಕಾಣೋಹಂಗ ಬರದು, ಓದಿದ್ರೇನು ಅಂತೀರಿ?"

"ಅದು ನಿಮ್ಮ ಸಲುವಾಗಿ ಬರದದ್ರಿ."

"ನನ್ನ ಸಲುವಾಗಿ ನನ್ನ ಬಿಟ್ಟು ಹೋಗೂದು? ಎಂಥಾ ಉಪಕಾರ!"

"ಬಿಟ್ಟು ಹೋಗೂದಲ್ರಿ." ಅವನ ದನಿ ತಡವರಿಸಿತು. "ನೀವು ನಿಮ್ಮ ಹತ್ತು ಎಲ್ಲಾ ನನ್ನ ಕೈಗೆ ಹಾಕ್ತೀರಿ. ಎಕ್ಕಾ ಇದ್ರೂ ನನ್ನ ರಾಜಾನ ಮ್ಯಾಲ ಹಾಕೋದಿಲ್ಲ. ಹತ್ತು ಗೆದ್ದ ಸ್ಟಾರ್ ನನ್ನ ಹೆಸರಿಗೆ ಬರ್ತಾವ, ನಿಮ್ಮ ಹೆಸರು ಎಲ್ಲೂ ಇಲ್ಲ. ಎಲ್ಲಾದ್ರಾಗೂ ಬಿಟ್ಟುಕೊಡ್ತೀರಿ. ಈಗ ಸೀರ್ಯಾಗೂ ಬಿಟ್ಟುಕೊಟ್ರಿ. ಅದಕ್ಕ ಬ್ಯಾರೆ ಜೋಡಿ ಸಿಕ್ರ ನಿಮ್ಮ ಆಟ ನಾಕು ಮಂದಿಗಿ ಕಾಣಸ್ತದಂತ..."

ಶಾಂಭವಿಯ ದುಃಖವೆಲ್ಲ ಎಲ್ಲಿ ಹೋಯಿತೋ. ಅದರ ಜಾಗದಲ್ಲಿ ಎದ್ದದ್ದು ಶುದ್ಧ ಸಿಟ್ಟು.

"ಬಿಟ್ಟುಕೊಡೂದು? ನಿಮ್ಮ ರಾಜಾ ಗೆಲ್ಲಾಕತ್ತಿದ್ರ ನನ್ನ ಎಕ್ಕಾ ಯಾಕ ಹಾಳ ಮಾಡ್ಲಿ? ಮುಂದಿನ ಕೈಗಿ ಇಟ್ಕೊಂಡಿರ್ತೇನಿ! ನನ್ನ ಹತ್ತು ನಿಮ್ಮ ಕೈಗಿ ಹಾಕಿದ್ರ ಅದು ನಮ್ಮ ಕಡೀನ ಬರ್ತದ. ಅದು ತ್ಯಾಗ ಅಲ್ರಿ, ಅದು ಆಟ! ನಾ ಗೆಲ್ಲಾಕ ಆಡ್ತೇನಿ. ಇಷ್ಟ ದಿನ ಎದುರು ಕುಂತು ಅದೂ ತಿಳೀಲಿಲ್ಲೇನ್ರಿ ನಿಮಗ?"

ಸೀರೆ ನೋಡುತ್ತಿದ್ದವರೆಲ್ಲ ಇವರ ಕಡೆ ತಿರುಗಿದರು.

"ಬಣ್ಣ ಪಸಂದ್ ಬರ್ಲಿಲ್ಲೇನವ್ವಾ?" ಅಣ್ಣಾರಾಯರು ಗಾಬರಿಯಾಗಿ ಇನ್ನೊಂದು ಕಟ್ಟು ಬಿಚ್ಚಿದರು. "ಬ್ಯಾರೆ ತೋರಸ್ತೇನಿ, ಬ್ಯಾರೆ ಭಾಳ ಅವ."

ಆಯಿ ಕನ್ನಡಕ ಸರಿಪಡಿಸಿಕೊಂಡರು. "ಯಾವ ಎಕ್ಕಾ? ಯಾರ ರಾಜಾ? ಏನ್ ನಡಸೀರಿ ನೀವಿಬ್ರು?"

ಏನಿಲ್ಲ ಆಯಿ ಎಂಬ ಮಾತು ಶಾಂಭವಿಯ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಅಮರನಾಥ ತಾನೇ ಹೇಳಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು.

"ಆಯಿ, ನಾವು ದಿನಾ ಮೊಬೈಲಿನ್ಯಾಗ ಮೆಂಡಿ ಆಡ್ತೇವಿ. ಫೋನ್ ಮಾಡಿಲ್ಲ, ನಿಮ್ಮ ಮಾತು ಮುರಿದಿಲ್ಲ. ಆದ್ರ ಇವ್ರು ನನ್ನ ಕೇಳದೆ ನನ್ನ ಪರವಾಗಿ ಅಭಿಪ್ರಾಯ ಬರದಾರ. ಅದೂ ತಪ್ಪು ಬರದಾರ. ಹಿಂಗ್ಯಾಕ ಬರದ್ರಿ ಅಂತ ಕೇಳಾಕ ನನಗ ಹಾದಿ ಇರ್ಲಿಲ್ಲ." ಉಸಿರು ತೆಗೆದುಕೊಂಡಳು. "ನನಗ ಇವ್ರ ನಂಬರ್ ಬೇಕು."

"ಯಾಕ? ಜಗಳಾಡಾಕ?"

"ಹೌದು ಆಯಿ. ಜಗಳಾಡಾಕ."

ಅವನ ತಾಯಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಆಯಿ ಮಾತ್ರ ನಗಲಿಲ್ಲ. ಮೊಮ್ಮಗಳನ್ನು ನೋಡಿದರು, ಹುಡುಗನನ್ನು ನೋಡಿದರು. ಅವನು ತಲೆ ತಗ್ಗಿಸಿದ್ದ, ಆದರೆ ಕೂತ ಜಾಗದಿಂದ ಕದಲಿರಲಿಲ್ಲ.

"ಆ ನಿಶ್ಚಯ ಮುರದ ಹುಡುಗಿ ಫೋನಿನ್ಯಾಗ ಜಗಳಾಡಿದ್ಲು, ಅಂವ ಫೋನ್ ಕಟ್ ಮಾಡಿದ," ಅಂದರು. "ಇಂವ ಕುಂತು ಬೈಸ್ಕೊಂಡಾನ. ಕೊಡಪಾ ನಂಬರ್. ಆದ್ರ ಮೊದಲ ಸೀರಿ. ಹೇಳವ್ವಾ, ನಿನಗ ಯಾವ್ದು ಬೇಕು?"

ಶಾಂಭವಿ ರಾಶಿಯನ್ನು ನೋಡಿದಳು. "ಕೆಂಪು ಬ್ಯಾಡ ಆಯಿ. ಆ ಬದನಿಕಾಯಿ ಬಣ್ಣದ್ದು."

"ಬದನಿಕಾಯಿ! ಮದುವಿಗಿ!" ಆಯಿ ಹಣೆ ಬಡಿದುಕೊಂಡರು.

ಎದುರಿನಿಂದ ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಂತೆ ಬಂತು. "ಭಾರಿ ಆಡಿದ್ರಿ."

ಬಟನ್ನಿನ ಮಾತೇ. ಆದರೆ ಈ ಸಲ ದನಿ ಅವನದೇ ಆಗಿತ್ತು. ಶಾಂಭವಿ ನಗು ತಡೆಯಲು ಸೀರೆಯ ಅಂಚು ಕಚ್ಚುವುದೊಂದು ಬಾಕಿ.

*

ಜೇವರ್ಗಿ ಬಸ್ಸು ಹತ್ತುವಷ್ಟರಲ್ಲಿ ಕಂಪನಿಯ ಸಂದೇಶ ಬಂದಿತ್ತು. 'ನಿಮ್ಮ ಅಮೂಲ್ಯ ಅಭಿಪ್ರಾಯಗಳಿಗೆ ಧನ್ಯವಾದ. ಚಕ್ರ ಸೋಮವಾರದಿಂದ ಆರಂಭ.' ಕೇಳುವ ಶಾಸ್ತ್ರ ಮಾಡಿದ್ದರು, ಅಷ್ಟೇ. ಮಲಂಗಸಾಬರ ಮಗಳು ನೆನಪಾಗಿ ಶಾಂಭವಿಗೆ ಮತ್ತೆ ಮೈ ಉರಿಯಿತು.

ಆಗ ಫೋನ್ ಬಂತು. ಪಕ್ಕದಲ್ಲಿ ಕೂತ ಆಯಿ ಕಿಟಕಿಯ ಕಡೆ ಮುಖ ತಿರುಗಿಸಿದರು, ಹೊಲದಲ್ಲಿ ಏನೋ ದೊಡ್ಡದು ಕಂಡವರ ಹಾಗೆ.

"ಹೊಸ ಮೋಡ್ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ?" ಕೇಳಿದ ಅಮರನಾಥ. "ಮೊದಲಾ ಕೇಳಬೇಕಾಗಿತ್ತು. ಈಗ ಕೇಳಾಕತ್ತೇನಿ."

ಅವಳು ಹೇಳಿದಳು. ಸುಳ್ಳುಗಾರರು ತಪ್ಪಿಸಿಕೊಂಡದ್ದು, ನೆಟ್ಟಗಿದ್ದವರು ಸಿಕ್ಕಿಬಿದ್ದದ್ದು, ಎಲ್ಲ ಹೇಳಿದಳು. ದಾರಿಯ ತೊಗರಿ ಹೊಲಗಳೆಲ್ಲ ಹಿಂದೆ ಸರಿದವು. ಅವನು ನಡುವೆ ಬಾಯಿ ಹಾಕಲಿಲ್ಲ. ಕಡೆಗೆ ಅಂದ, "ನಂದೂ ಒಂದು ಹೇಳ್ಲೇನ್ರಿ?"

"ಹೇಳ್ರಿ."

"ಆಟದಾಗ ಅವ್ರು ಯಾರನ್ನರ ಕೂಡಿಸ್ಲಿ. ನನಗ ಎದುರಿಗಿ ನೀವಾ ಬೇಕ್ರಿ. ಇದು ಅಭಿಪ್ರಾಯ ಅಲ್ಲ."

ಬಸ್ಸು ಹೊಳೆಯ ಸೇತುವೆ ಹತ್ತಿತು.

"ಸೋಮವಾರ ಇನ್ನೂ ಬಂದಿಲ್ಲ," ಅಂದಳು ಶಾಂಭವಿ. "ಫೋನ್ ಇಡ್ರಿ ಈಗ. ಫೋನ್ ಹಚ್ಚಿಟ್ಕೊಂಡು ಆಡಿದ್ರ ಕಳ್ಳತನ ಆಗ್ತದ."

ಇಟ್ಟಳು. ಕೂಡಲೇ ಪರದೆಯ ಮೇಲೆ ಬಂತು: 'ನಿಮ್ಮ ಜೋಡಿ ಕಾಯುತ್ತಿದ್ದಾರೆ.'

ಶಾಂಭವಿ ಒತ್ತಿದಳು.