ಕಣ್ಣೀರು ಮೇಷ್ಟ್ರ ಸಂತಾಪ ಸಭೆ

ಮೂರ್ಕಾಲು ಸತ್ತು ಬಿದ್ದಿದ್ದು ಊಟದ ಕೋಣೆಯ ಬಾಗಿಲಲ್ಲಿ. ಬಾಯಲ್ಲಿ ನೊರೆ. ಹುಡುಗರ ವಸತಿ ಶಾಲೆಯ ನಾಯಿ ಅದು. ಹಿಂದಿನ ಒಂದು ಕಾಲಿಲ್ಲದಿದ್ದರೂ ಎಲ್ಲರ ಬೆನ್ನು ಹತ್ತಿ ಕುಂಟುತ್ತ ಓಡುತ್ತಿತ್ತು.

ನಾಯಿ ಸತ್ತರೂ ಪೊಲೀಸರು ಬೇಕಾ ಎಂದು ಗೊಣಗುತ್ತಲೇ ಇನ್‌ಸ್ಪೆಕ್ಟರಮ್ಮ ಜೀಪಿನಿಂದ ಇಳಿದರು. ಕರೆಸಿದ್ದು ಶಾಲೆಯ ಆಪ್ತಸಮಾಲೋಚಕರು. ಮಕ್ಕಳ ಮನಸ್ಸಿನ ನೋವು ಕೇಳುವುದು ಅವರ ಕೆಲಸ. ವಾರಕ್ಕೊಮ್ಮೆ ಹುಡುಗರನ್ನು ದುಂಡಗೆ ಕೂರಿಸಿಕೊಂಡರೆ ಅಳುವ ತನಕ ಬಿಡುತ್ತಿರಲಿಲ್ಲ. ಹಾಗಾಗಿ ಹುಡುಗರು ಇಟ್ಟ ಹೆಸರು ಕಣ್ಣೀರು ಮೇಷ್ಟ್ರು.

ಮೇಷ್ಟ್ರು ಅಪರಾಧಿಯನ್ನೂ ಹಿಡಿದಿಟ್ಟಿದ್ದರು. ಏಳನೇ ಕ್ಲಾಸಿನ ಹುಡುಗ. ದಿನಾ ತನ್ನ ಬ್ರೆಡ್ಡಿನಲ್ಲಿ ಅರ್ಧ ನಾಯಿಗೆ ಹಾಕುತ್ತಿದ್ದವನು. ಅವನ ಮಂಚದ ಕೆಳಗೆ ಇಲಿ ಪಾಷಾಣದ ಡಬ್ಬಿ ಸಿಕ್ಕಿತ್ತು. ಸಂಜೆಯೊಳಗೆ ಅವನನ್ನು ಮನೆಗಟ್ಟುವುದೆಂದು ಹೆಡ್‌ಮಾಸ್ಟರು ತೀರ್ಮಾನಿಸಿಯಾಗಿತ್ತು. ನಾಯಿ ಕೊಂದವನೆಂಬ ಹೆಸರು ಹೊತ್ತೇ ಅವನು ಹೋಗಬೇಕಿತ್ತು.

"ಎಲ್ಲ ಮಕ್ಕಳೂ ಅತ್ರು ಮೇಡಂ. ಇವನೊಬ್ಬ ಅಳಲಿಲ್ಲ," ಎಂದು ಮೇಷ್ಟ್ರು ಕರವಸ್ತ್ರ ಕಣ್ಣಿಗೊತ್ತಿಕೊಂಡರು.

ಅಳದಿರುವುದೇ ಅಪರಾಧವಾದರೆ ಅತ್ತೆ ಸತ್ತ ದಿನವೇ ತಾನು ಜೈಲು ಸೇರಬೇಕಿತ್ತು ಎಂದುಕೊಂಡರು ಇನ್‌ಸ್ಪೆಕ್ಟರಮ್ಮ.

*

ಮೊದಲು ಶಾಲೆಯ ಕಾವಲುಗಾರನ ಬಗ್ಗೆ ವಿಚಾರಿಸಿದರು. ನಾಯಿ ಅವನ ಹೊಸ ಚಪ್ಪಲಿ ಕಡಿದು ಹಾಕಿತ್ತು. ಕೊಂದೇಬಿಡುತ್ತೇನೆಂದು ಅವನು ಕೂಗಾಡಿದ್ದನ್ನು ಎಲ್ಲರೂ ಕೇಳಿದ್ದರು. ಆದರೆ ಎರಡು ದಿನದಿಂದ ಅವನು ಜ್ವರ ಹಿಡಿದು ಆಸ್ಪತ್ರೆಯಲ್ಲಿದ್ದ. ಆ ಅನುಮಾನ ಅಲ್ಲಿಗೇ ಮುಗಿಯಿತು.

ಆಮೇಲೆ ಹುಡುಗ. ಅವನ ಮಂಚದ ಹತ್ತಿರ ಬೇರೆ ಯಾರು ಬರುತ್ತಾರೆಂದು ಕೇಳಿದರು. ರಾತ್ರಿ ಹೊದಿಕೆ ಸರಿಮಾಡಲು ಮೇಷ್ಟ್ರು ಬರುತ್ತಾರೆ ಎಂದ.

"ನೀನ್ಯಾಕಪ್ಪ ಅಳಲಿಲ್ಲ?"

"ಅವರ ಮುಂದೆ ನಾನು ಅಳಲ್ಲ."

*

ಮೈದಾನದ ಮೂಲೆಯಲ್ಲಿ ಸಂತಾಪ ಸಭೆ. ಗುಂಡಿ ತೋಡಿಟ್ಟಿತ್ತು. ಮುಂದಿನ ಕುರ್ಚಿಗಳಲ್ಲಿ ತೀರ್ಪುಗಾರರು. ಮಕ್ಕಳ ಮನಸ್ಸನ್ನು ಚೆನ್ನಾಗಿ ನೋಡಿಕೊಳ್ಳುವ ಶಾಲೆಗೆ ಪ್ರಶಸ್ತಿ ಕೊಡಲು ಅವರು ಈ ದಿನ ಬರುವುದು ಮೊದಲೇ ಗೊತ್ತಾಗಿತ್ತು. ಬೆಳಿಗ್ಗೆ ಹೆಣ ಕಂಡು ಎದೆ ಒಡೆದು, ತಾವೇ ಕೈಯಾರೆ ಗುಂಡಿ ತೋಡಿದ್ದನ್ನು ಮೇಷ್ಟ್ರು ಗದ್ಗದ ದನಿಯಲ್ಲಿ ಹೇಳುತ್ತಿದ್ದರು.

ಇನ್‌ಸ್ಪೆಕ್ಟರಮ್ಮ ಪಕ್ಕದ ಮಣ್ಣಿನ ರಾಶಿ ನೋಡಿದರು. ಬಗ್ಗಿ ನೋಡಿದರು.

"ಗುಂಡಿ ತೋಡೋವಾಗ ನಾಯಿ ಸತ್ತಿತ್ತಾ ಮೇಷ್ಟ್ರೇ?"

"ಸತ್ತಿದ್ದಕ್ಕೇ ಅಲ್ವಾ ಮೇಡಂ ತೋಡಿದ್ದು?"

"ಹಾಗಾದ್ರೆ ಈ ಮಣ್ಣು ತುಳಿದಿದ್ದು ಯಾರು?"

ಹಸಿ ಮಣ್ಣಿನ ಮೇಲೆಲ್ಲ ನಾಯಿಯ ಹೆಜ್ಜೆ. ಮುಂದೆ ಎರಡು, ಹಿಂದೆ ಒಂದೇ. ಮೇಷ್ಟ್ರು ಗುಂಡಿ ತೋಡುವಾಗ ಮೂರ್ಕಾಲು ಬದುಕಿತ್ತು. ಬಾಲ ಆಡಿಸುತ್ತ ಅವರ ಸುತ್ತಲೇ ಸುಳಿದಿರಬೇಕು. ಅದು ಸಾಯುತ್ತದೆಂದು ಮುಂಚೆಯೇ ಗೊತ್ತಿದ್ದದ್ದು ವಿಷ ಹಾಕುವವರಿಗೆ ಮಾತ್ರ. ತೀರ್ಪುಗಾರರೆದುರು ಹುಡುಗರು ಅಳಬೇಕಿತ್ತು, ಮೇಷ್ಟ್ರು ಸಮಾಧಾನ ಮಾಡಬೇಕಿತ್ತು. ಅದಕ್ಕೊಂದು ಸಾವು ಬೇಕಿತ್ತು. ಹೊದಿಕೆ ಸರಿಮಾಡುವ ನೆಪದಲ್ಲಿ ಡಬ್ಬಿ ಇಟ್ಟದ್ದು, ತಮ್ಮ ಮುಂದೆ ಒಮ್ಮೆಯೂ ಅಳದೆ ತಮ್ಮನ್ನು ಸೋಲಿಸಿದ ಹುಡುಗನ ಮಂಚದ ಕೆಳಗೆ.

"ಮಕ್ಕಳ ಒಳ್ಳೇದಕ್ಕೇ ಮೇಡಂ," ಎಂದರು ಮೇಷ್ಟ್ರು. "ಅವರ ದುಃಖ ಹೊರಗೆ ಬರಬೇಕಿತ್ತು."

ಇಂಥವನ ತೋಳು ಹಿಡಿದು ಜೀಪಿಗೆ ಹತ್ತಿಸಬೇಕಲ್ಲ ಎಂದು ಇನ್‌ಸ್ಪೆಕ್ಟರಮ್ಮನಿಗೆ ಅಸಹ್ಯವಾಯಿತು. ಹತ್ತಿಸಿ, ನಲ್ಲಿಯಲ್ಲಿ ಕೈ ತೊಳೆದು ಬಂದರು. ಅಷ್ಟರಲ್ಲಿ ಹೆಡ್‌ಮಾಸ್ಟರು, ಇದರಿಂದ ಪ್ರಶಸ್ತಿಗೇನೂ ತೊಂದರೆ ಇಲ್ಲವಲ್ಲ ಎಂದು ತೀರ್ಪುಗಾರರ ಕಿವಿಯಲ್ಲಿ ಕೇಳುತ್ತಿದ್ದರು. ಆಮೇಲೆ ನೆನಪಾಗಿ ಹುಡುಗನತ್ತ ತಿರುಗಿ, ನಿನ್ನ ತಪ್ಪೇನೂ ಇಲ್ಲ, ಇಲ್ಲೇ ಇರು ಎಂದರು.

ಮನೆಗೆ ಹೊರಡಲು ಹಿಡಿದುಕೊಂಡಿದ್ದ ಪೆಟ್ಟಿಗೆಯನ್ನು ಹುಡುಗ ಕೆಳಗಿಡಲಿಲ್ಲ. ಮನೆಗೇ ಹೋಗುತ್ತೇನೆ ಎಂದ.

"ಯಾಕಪ್ಪ? ನಾವೆಲ್ಲ ನಿನ್ನ ಚೆನ್ನಾಗಿ ನೋಡ್ಕೊಳ್ತೀವಲ್ಲ?"

"ಅದಕ್ಕೇ ಸಾರ್," ಎಂದ ಹುಡುಗ.