ಸಾವಿನ ಮನೆಗೆ ಬಂದ ಇಡ್ಲಿ

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಹತ್ತೂವರೆ. ಈರೇಶ್ ಎಂಬಾತ ದೂರು ಹಿಡಿದು ಪೀಣ್ಯದ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಶ್ಯಾಮಸುಂದರ ಅದನ್ನು ಮನಸ್ಸಿಟ್ಟು ಓದಲೂ ಇಲ್ಲ. ಈರೇಶನ ತಾಯಿ ಲಕ್ಷ್ಮವ್ವ, ಎಪ್ಪತ್ತೊಂದು ವರ್ಷ, ಎರಡು ವಾರದ ಹಿಂದೆ ಮಲಗಿದಲ್ಲೇ ತೀರಿಕೊಂಡಿದ್ದರು. ಹಾಗೆ ಹೋದವರನ್ನು ಪುಣ್ಯವಂತರು ಎನ್ನುತ್ತಾರೆಯೇ ಹೊರತು ಠಾಣೆಗೆ ಯಾರು ಬರುತ್ತಾರೆ?

"ಕಣ್ಣಿನ ಆಪರೇಷನ್‌ಗಂತ ಹಿಂದಿನ ವಾರನ ಎಲ್ಲಾ ಟೆಸ್ಟ್ ಮಾಡ್ಸಿದ್ವಿ ಸರ್. ಹಾರ್ಟ್ ಗಟ್ಟಿ ಐತಿ ಅಂದಿದ್ರು," ಎಂದ ಗದಗ ಕಡೆಯ ಈರೇಶ್. "ನಮ್ಮ ಅಪಾರ್ಟ್‌ಮೆಂಟಿನ್ಯಾಗ ಎರಡು ವರ್ಷದಾಗ ಇದು ಏಳನೇದು. ಎಲ್ಲಾರೂ ಹಿಂಗ, ಮಲಗಿದಲ್ಲೇ."

"ಆ ದಿನ ಏನಾಯ್ತು?"

"ಆರಕ್ಕ ಎಬ್ಬಸಾಕ ಹೋದೆ, ಏಳಲಿಲ್ಲ. ಮಂದಿ ಕೂಡಿತು. ಎಂಟಕ್ಕ ನಮ್ಮ ಬಿಲ್ಡಿಂಗಿನ ಸತ್ಯವತಿ ಅಕ್ಕಾರು ಐವತ್ತು ಮಂದಿಗೆ ಆಗೋಷ್ಟು ಇಡ್ಲಿ ಮಾಡ್ಕೊಂಡು ಬಂದ್ರು. ಯಾರ ಮನ್ಯಾಗ ಸತ್ರೂ ಮೊದಲು ಬರೋರು ಅವರ, ಪಾಪ."

ಶ್ಯಾಮಸುಂದರ ಈಗ ತಲೆಯೆತ್ತಿದ. ಹೆಂಡತಿ ಸತ್ತ ಮೇಲೆ ಅಡುಗೆಯೆಲ್ಲ ಅವನದೇ. ಇಡ್ಲಿ ಹಿಟ್ಟನ್ನು ಹಿಂದಿನ ಸಂಜೆಯೇ ರುಬ್ಬಿಡಬೇಕು, ರಾತ್ರಿಯಿಡೀ ಹುಳಿ ಬರಬೇಕು. ಆರಕ್ಕೆ ಗೊತ್ತಾದ ಸಾವಿಗೆ ಎಂಟಕ್ಕೆಲ್ಲ ಐವತ್ತು ಜನರ ಇಡ್ಲಿ ಹೇಗೆ ಬಂತು? ಅವನು ಎಫ್‌ಐಆರ್ ದಾಖಲಿಸಿದ.

ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಕಾಡಪ್ಪನ ಜೊತೆ ಸತ್ಯವತಿಯ ಮನೆಗೆ ಹೋದ. ಅರವತ್ತರ ಹತ್ತಿರದ ವಿಧವೆ. ಸರ್ಕಾರಿ ಕಾರ್ಖಾನೆಯಲ್ಲಿದ್ದ ಗಂಡ ಹೃದಯದ ಕಾಯಿಲೆಯಿಂದ ಹೋಗಿ ಮೂರು ವರ್ಷವಾಗಿತ್ತು.

"ಇಡ್ಲಿಗೆ ಅಂಗಡಿ ಹಿಟ್ಟಾ ಅಮ್ಮ?"

"ಛೆ, ಸಾವಿನ ಮನೆಗೆ ಅಂಗಡಿ ಹಿಟ್ಟು ಕೊಡೋಕಾಗುತ್ತಾ? ನಾನೇ ರುಬ್ಬಿದ್ದು."

"ಯಾವಾಗ?"

ಅವಳು ಕಾಫಿ ಕುಡೀತೀರಾ ಎಂದು ಕೇಳಿದಳು. ಕಾಡಪ್ಪ ತಟ್ಟನೆ ಬೇಡ ಎಂದ.

ಇಡ್ಲಿ ತೋರಿಸಿ ಕೋರ್ಟಿನಲ್ಲಿ ಕೊಲೆ ಸಾಬೀತು ಮಾಡಲಾಗದು. ಮೊದಲು ಸತ್ತ ಆರು ಜನರ ದೇಹಗಳನ್ನು ಸುಟ್ಟಾಗಿತ್ತು. ಲಕ್ಷ್ಮವ್ವನನ್ನು ಮಾತ್ರ ಅವರ ಪದ್ಧತಿಯಂತೆ, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡಿದ್ದರು. ಹೊರತೆಗೆಯಲು ತಹಶೀಲ್ದಾರರ ಆದೇಶವಿದ್ದರೆ ಸಾಕಿತ್ತು. ಆದರೂ ಶ್ಯಾಮಸುಂದರ ಮಗ ಈರೇಶನ ಒಪ್ಪಿಗೆ ಕೇಳಿದ. 

"ಮತ್ತ ಹಂಗ ಕೂಡಸ್ತೀರಿ ಹೌದಿಲ್ಲೋ ಸರ್?"

"ಕೂರಿಸ್ತೀವಿ."

ಕೊಟ್ಟ ಮಾತು ಸುಳ್ಳಾಯಿತು. ಪಂಚನಾಮೆ, ಶವಪರೀಕ್ಷೆ ಮುಗಿಯುವಷ್ಟರಲ್ಲಿ ಆ ದೇಹ ಕೂರುವಂತಿರಲಿಲ್ಲ. ಮಲಗಿಸಿ ಮುಚ್ಚಿದರು. ಈರೇಶನಿಗೆ ಮುಖ ತೋರಿಸಲು ಶ್ಯಾಮಸುಂದರನಿಗೆ ಧೈರ್ಯ ಬರಲಿಲ್ಲ.

ಮಾರ್ಚ್ ಇಪ್ಪತ್ತರಂದು ಪ್ರಯೋಗಾಲಯದ ವರದಿ ಬಂತು. ದೇಹದಲ್ಲಿ ಹೃದ್ರೋಗದ ಔಷಧಿ ಮಿತಿಮೀರಿ ಸೇರಿತ್ತು. ಗಂಡನಿಗೆಂದು ತಂದಿದ್ದ ಅದೇ ಮಾತ್ರೆಗಳು ಸತ್ಯವತಿಯ ಅಡುಗೆಮನೆಯಲ್ಲಿ ಸಿಕ್ಕವು. ಸಂಜೆ ಅವಳನ್ನು ಬಂಧಿಸಿದರು. ಕಾಫಿಯಲ್ಲಿ ಮಾತ್ರೆ ಬೆರೆಸಿ ಕೊಟ್ಟು ಮಾಡಿದ ಏಳು ಕೊಲೆಗಳನ್ನೂ ಒಪ್ಪಿಕೊಂಡಳು.

"ಯಾಕಮ್ಮ?"

"ನಮ್ಮನೆಯವರು ಹೋದ್ಮೇಲೆ ಗೃಹಪ್ರವೇಶಕ್ಕಾಗ್ಲಿ ಸೀಮಂತಕ್ಕಾಗ್ಲಿ ಒಬ್ರೂ ಕರೀಲಿಲ್ಲ ಸಾರ್. ಸಾವಿನ ಮನೆಗಾದ್ರೆ ಕರೀದೇ ಇದ್ರೂ ಹೋಗ್ಬೋದು. ಅಲ್ಲಿ ಎಲ್ರೂ ನನ್ ಕೈ ಹಿಡ್ಕೊಂಡು ಅಳೋರು. ತಿಥಿ ಮುಗಿಯೋವರ್ಗೂ ನಾನಿಲ್ದೆ ಏನೂ ನಡೀತಿರ್ಲಿಲ್ಲ."

"ಆಮೇಲೆ?"

"ಲಿಫ್ಟಲ್ಲಿ ಸಿಕ್ಕಿದ್ರೆ ಮೊಬೈಲ್ ನೋಡ್ತಾ ನಿಲ್ಲೋರು."

ಶ್ಯಾಮಸುಂದರನ ಹೆಂಡತಿ ಸತ್ತು ಐದು ವರ್ಷ. ಅವನನ್ನು ಶುಭಕಾರ್ಯಕ್ಕೆ ಕರೆಯುವುದನ್ನು ಯಾರೂ ನಿಲ್ಲಿಸಿರಲಿಲ್ಲ. ಏಳು ಜನರನ್ನು ಕೊಂದವಳ ಮೇಲೆ ಅವನಿಗೆ ಸಿಟ್ಟು ಬಂದಿತ್ತು ನಿಜ. ಜೊತೆಗೆ ನಾಚಿಕೆಯೂ ಆಯಿತು.

ಮರುದಿನ ಈರೇಶನನ್ನು ಕರೆಸಿ ಬಂಧನದ ಸುದ್ದಿ ತಿಳಿಸಿದ, ಕಾರಣವನ್ನೂ ಹೇಳಿದ. 

"ಅವ್ವ ಹೇಳಿದ್ಲ್ರೀ," ಎಂದ ಈರೇಶ್. "ಆ ಅಕ್ಕ ಒಬ್ಬಾಕಿ ಇರ್ತಾಳ, ಸಂಕ್ರಾಂತಿಗೆ ಊಟಕ್ಕ ಕರಿಯಪ್ಪಾ ಅಂತ. ಹಬ್ಬದ ದಿನ ಅವರು ಬ್ಯಾಡ ಬಿಡವ್ವ ಅಂತ ನಾನ ಅಂದೆ."