ಹಿಂದಕ್ಕೆ ತಿರುಗಿದ ಮೇಜು

ಮಿಲ್ಲಿಂಗ್ ಯಂತ್ರದ ಬಾಗಿಲು ತೆರೆದಾಗ ಟೈಟಾನಿಯಂ ಚಕ್ರದ ಒಂದು ಅಲಗೂ ನೆಟ್ಟಗಿರಲಿಲ್ಲ. ಕತ್ತರಿಸುವ ಟೂಲು ಮುರಿದು ಅದರ ಒಡಲಲ್ಲೇ ಸಿಕ್ಕಿಕೊಂಡಿತ್ತು. ವಾರದ ರಜೆ ಮುಗಿದ ಮೇಲಿನ ಮೊದಲ ಕೆಲಸ ಅದು.

ಸಂಜೆಯೊಳಗೆ ಯಂತ್ರ ನಡೆಸುತ್ತಿದ್ದ ಆಪರೇಟರು ರಾಜೀನಾಮೆ ಬರೆದುಕೊಡಬೇಕೆಂದು ಮ್ಯಾನೇಜರು ಪೆನ್ನು ಕಾಗದ ಕೊಟ್ಟು ಕೂರಿಸಿದ್ದರು. ಆ ಸಲಹೆ ರಿಪೇರಿ ವಿಭಾಗದ ಮುಖ್ಯಸ್ಥರದು — ಆಪರೇಟರಿಗೆ ಹೆಣ್ಣು ಕೊಟ್ಟ ಮಾವನದು. ಕೈಗಡಿಯಾರವನ್ನು ಸದಾ ಹತ್ತು ನಿಮಿಷ ಮುಂದಿಟ್ಟು, ಎಲ್ಲರಿಗಿಂತ ಮೊದಲು ಗೇಟಿಗೆ ಬರುವ ಮನುಷ್ಯ. ಮುಂದಿನ ವಾರ ನಿವೃತ್ತಿ. ಅಳಿಯನೆಂದೂ ನೋಡದ ಆ ನಿಷ್ಠುರತೆಗೆ ಕಾರ್ಖಾನೆಯೇ ತಲೆದೂಗಿತ್ತು.

ಆದರೆ ಕಾರಣ ತಿಳಿಯದೆ ಯಂತ್ರವನ್ನು ಮತ್ತೆ ಓಡಿಸುವವರಾರು? ಹಳೆಯ ತಪಾಸಣಾಧಿಕಾರಿಗೆ ಕರೆ ಹೋಯಿತು. ಎಲ್ಲರ ಬಾಯಲ್ಲಿ ಅವರು ‘ಭೂತಗನ್ನಡಿ’.

ಭೂತಗನ್ನಡಿ ಮೊದಲು ಪ್ರೋಗ್ರಾಮರನನ್ನು ಕೇಳಿದರು. ರಜೆಗೆ ಮುಂಚೆ ಇದೇ ಪ್ರೋಗ್ರಾಂ ಒಳ್ಳೆಯ ಚಕ್ರಗಳನ್ನೇ ಕಡೆದಿದೆ, ಒಂದಕ್ಷರವೂ ಬದಲಾಗಿಲ್ಲವೆಂದು ಅವನು ತೋರಿಸಿದ. ಅದು ನಿಜವಾಗಿತ್ತು.

“ಎಲ್ಲಿ ಮುರೀತು?” ಎಂದು ಆಪರೇಟರನ್ನು ಕೇಳಿದರು.

“ಚಕ್ರ ಕೂರಿಸಿದ ತಿರುಗೋ ಮೇಜು ಒಂದು ಸುತ್ತು ಮುಗಿಸಿ ಸೊನ್ನೆ ದಾಟೋವಾಗ, ಸರ್. ಮುನ್ನೂರ ಐವತ್ತೆಂಟು ಡಿಗ್ರಿಯಿಂದ ಎರಡಕ್ಕೆ. ನಾಲ್ಕೇ ಡಿಗ್ರಿ ಮುಂದಕ್ಕೆ ಹೋಗ್ಬೇಕಿತ್ತು. ಬಂದ ದಾರೀಲೇ ಪೂರ್ತಿ ಹಿಂದಕ್ಕೆ ತಿರುಗ್ತು.”

“ನೀನೇನು ಒತ್ತಿದೆ?”

“ಯಂತ್ರ ನಿಲ್ಲಿಸೋ ಕೆಂಪು ಗುಂಡಿ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು.”

“ನಿದ್ದೆಗಣ್ಣಲ್ಲಿ ಏನು ಒತ್ತಿದ್ನೋ,” ಎಂದರು ಮಾವ. “ಇಂಥವನಿಗೆ ಮಗಳನ್ನ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು.”

ಭೂತಗನ್ನಡಿಯ ಕಣ್ಣು ಯಂತ್ರದ ಪರದೆಯ ಮೂಲೆಯಲ್ಲಿದ್ದ ಗಡಿಯಾರದ ಮೇಲಿತ್ತು.

“ಈ ಗಡಿಯಾರ ಮೊದಲಿಂದಲೂ ಹೀಗೇ ಮುಂದಿದೆಯಾ?”

“ಇಲ್ಲ ಸರ್. ರಜೆಗೆ ಮುಂಚೆ ಗೋಡೆ ಗಡಿಯಾರಕ್ಕೆ ಸರಿಯಾಗಿತ್ತು.”

“ಯಜಮಾನ್ರೇ, ನಿಮ್ಮ ಕೈಯಲ್ಲಿ ಟೈಮೆಷ್ಟು?”

ಮುಖ್ಯಸ್ಥರು ಅಭ್ಯಾಸಬಲದಿಂದ ಮಣಿಕಟ್ಟು ಎತ್ತಿದರು. “ನಾಲ್ಕೂ ಹತ್ತು.”

ಪರದೆಯಲ್ಲೂ ನಾಲ್ಕೂ ಹತ್ತು. ಗೋಡೆಯಲ್ಲಿ ನಾಲ್ಕು.

ಭೂತಗನ್ನಡಿ ವಿವರಿಸಿದರು. ಪ್ರೋಗ್ರಾಂ ಬರೆಯುವುದು ಕೋನವನ್ನು ಮಾತ್ರ; ಹತ್ತಿರದ ದಾರಿ ಹಿಡಿಯೆಂದು ಮೇಜಿಗೆ ಹೇಳುವುದು ಯಂತ್ರದ ನೆನಪಿನಲ್ಲಿರುವ ಒಂದು ಸೆಟ್ಟಿಂಗ್. ವಿದ್ಯುತ್ತಿಲ್ಲದಾಗ ಆ ನೆನಪನ್ನು ಕಾಯುವುದು ಪುಟ್ಟದೊಂದು ಬ್ಯಾಟರಿ. ಅದನ್ನು ಯಂತ್ರ ಚಾಲೂ ಇದ್ದಾಗಲೇ ಬದಲಿಸಬೇಕು. ಆದರೆ ಮೇನ್ ಸ್ವಿಚ್ ಇಳಿಸದೆ ಜನ್ಮದಲ್ಲಿ ಯಂತ್ರಕ್ಕೆ ಕೈ ಹಾಕದ ಮುಖ್ಯಸ್ಥರು ರಜೆಯ ದಿನ ಬ್ಯಾಟರಿ ಬದಲಿಸುವಾಗಲೂ ಅದನ್ನು ಇಳಿಸಿದರು. ನೆನಪೆಲ್ಲ ಅಳಿಸಿಹೋಯಿತು. ಯಾರಿಗೂ ಹೇಳದೆ ಒಂದೊಂದಾಗಿ ಮತ್ತೆ ತುಂಬಿಸಿದರು. ಗಡಿಯಾರವನ್ನು ತಮ್ಮ ಕೈ ನೋಡಿ ಇಟ್ಟರು. ಹತ್ತಿರದ ದಾರಿಯ ಸೆಟ್ಟಿಂಗ್ ಬಿಟ್ಟುಹೋಯಿತು.

“ಬಿಟ್ಟಿದ್ದು ತಪ್ಪು, ಅಷ್ಟೆ,” ಎಂದರು ಭೂತಗನ್ನಡಿ. “ಚಕ್ರ ಮುರಿದಾಗ ಕಾರಣ ಗೊತ್ತಿದ್ದವರು ನೀವೊಬ್ಬರೇ. ಮೊದಲು ಬೆರಳು ತೋರಿಸಿದವರೂ ನೀವೇ.”

ಮುಖ್ಯಸ್ಥರು ಅಳಿಯನತ್ತ ನೋಡದೆ ನುಡಿದರು: “ಇನ್ನೊಂದು ವಾರ ಮರ್ಯಾದೆಯಿಂದ ಕಳೆದ್ರೆ ಸಾಕಿತ್ತು. ನಿನಗೆ ವಯಸ್ಸಿದೆ. ಎಲ್ಲಾದ್ರೂ ಕೆಲಸ ಸಿಗುತ್ತೆ ಅಂದ್ಕೊಂಡೆ.”

ಅಳಿಯ ಖಾಲಿ ಕಾಗದದ ಮೇಲೆ ಪೆನ್ನನ್ನಿಟ್ಟು, ಎರಡನ್ನೂ ಅವರ ಮುಂದೆ ಸರಿಸಿದ.

“ರಾತ್ರಿ ನಿಮ್ಮನ್ನ ಊಟಕ್ಕೆ ಕರ್ಕೊಂಡು ಬಾ ಅಂದಿದ್ದಾಳೆ ನಿಮ್ಮ ಮಗಳು. ಬನ್ನಿ, ಮಾವ. ಈಗ ಅಂದ್ರಲ್ಲ, ಆ ಮಾತನ್ನ ಅವಳ ಎದುರಿಗೂ ಅನ್ನಿ.”